ಚೀಟಿಯಲ್ಲಿದ್ದ ಎರಡು ನಂಬರು

ಅನೀಸನ ಫೋನಿನಲ್ಲಿ ಹೆಸರು ಹಾಕಿ ಇಟ್ಟುಕೊಂಡಿದ್ದ ನಂಬರುಗಳು ಮೂವತ್ತೊಂದೇ. ಹೆಂಡತಿ, ಮಗಳು, ಇಬ್ಬರು ತಮ್ಮಂದಿರು, ಮಸೀದಿಯ ಜೊತೆಗಾರರು, ಬಿಡಿಭಾಗ ತರಿಸಿಕೊಡುವ ಒಂದಿಬ್ಬರು ವ್ಯಾಪಾರಿಗಳು, ಗ್ಯಾಸಿನವನು. ಶಿವಾಜಿನಗರದಲ್ಲಿ ಮೂವತ್ನಾಲ್ಕು ವರ್ಷದಿಂದ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದವನು ಅವನು. ಆ ಅಂಗಡಿಗೆ ಬಂದು ಹೋದ ಗಿರಾಕಿಗಳನ್ನು ಲೆಕ್ಕವಿಟ್ಟವರಿಲ್ಲ. ಆದರೂ ಅವರಲ್ಲಿ ಒಬ್ಬರ ಹೆಸರೂ ಅವನ ಫೋನಿನಲ್ಲಿ ಇರಲಿಲ್ಲ.

ಮೊದಲು ಇದ್ದವು. ಏಳೆಂಟು ವರ್ಷದ ಹಿಂದೆ ಮೊದಲ ಸಲ ದೊಡ್ಡ ಫೋನು ತೆಗೆದುಕೊಂಡಾಗ ಸಿಕ್ಕವರ ಹೆಸರನ್ನೆಲ್ಲ ತುಂಬಿಸಿಕೊಂಡಿದ್ದ. ಆ ವರ್ಷದ ಈದ್ ದಿನ ಚಂದ್ರನ ಪಕ್ಕ ಗುಲಾಬಿ ಹೂವಿದ್ದ ಒಂದು ಚಿತ್ರವನ್ನು ಎಲ್ಲರಿಗೂ ಒಟ್ಟಿಗೆ ಕಳಿಸಿದ. ಮಾರನೆಯ ದಿನ ಕಮ್ಮನಹಳ್ಳಿಯಿಂದ ಒಬ್ಬ ಮನುಷ್ಯ ಬಂದು ಅಂಗಡಿಯ ಮುಂದೆ ನಿಂತು, "ನನ್ ಹೆಂಡ್ತಿಗೆ ಗುಲಾಬಿ ಕಳ್ಸೋಕೆ ನೀನ್ಯಾವನಯ್ಯ?" ಎಂದು ಕೂಗಾಡಿದ. ಓಣಿಯ ಜನ ಸೇರಿದರು. ಅನೀಸ್ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಕೂತೇ ಇದ್ದ. ಅಂದು ಸಂಜೆಯೇ ಗಿರಾಕಿಗಳ ಹೆಸರನ್ನೆಲ್ಲ ಅಳಿಸಿದ. ಅವನಲ್ಲಿಗೆ ಬರುವವರು ಹೆಚ್ಚಾಗಿ ಹೆಂಗಸರು. ಅಂದಿನಿಂದ ಹೆಸರು, ನಂಬರು ಎರಡನ್ನೂ ರಟ್ಟಿನ ಚೀಟಿಯೊಂದರ ಮೇಲೆ ಬರೆದು ತಂತಿಯಲ್ಲಿ ಮೆಷಿನ್ನಿಗೇ ಕಟ್ಟುತ್ತಿದ್ದ. ಒಂದು ನಂಬರು ಸಿಗದಿದ್ದರೆ ಇರಲಿ ಎಂದು ಇನ್ನೊಂದನ್ನೂ ಕೇಳಿ ಬರೆದುಕೊಳ್ಳುತ್ತಿದ್ದ. ಮೆಷಿನ್ ಹೋದ ದಿನ ಚೀಟಿಯೂ ಹೋಗುತ್ತಿತ್ತು.

ಅಂಗಡಿ ಎಂಟಡಿ ಅಗಲದ್ದು. ಒಂದು ಕಡೆ ಬುರ್ಖಾ ಅಂಗಡಿ, ಇನ್ನೊಂದು ಕಡೆ ಪಾತ್ರೆಗೆ ಕಲಾಯಿ ಹಾಕುವವನು. ಹದಿನೇಳನೆಯ ವಯಸ್ಸಿನಲ್ಲಿ ಹಲಸೂರಿನ ಸೋದರಮಾವನ ಬಳಿ ಕೆಲಸ ಕಲಿತ ಅನೀಸನಿಗೆ ಮನೆಯಲ್ಲಿ ದಖನಿ, ಹಲಸೂರಿನಿಂದ ತಮಿಳು, ಗಿರಾಕಿಗಳಿಂದ ಕನ್ನಡ ಬಂದಿತ್ತು. ಗಾರ್ಮೆಂಟ್ಸ್ ಕೆಲಸಕ್ಕೆಂದು ರಾಯಚೂರು, ಕೊಪ್ಪಳದ ಕಡೆಯಿಂದ ಬಂದ ಹೆಂಗಸರು ಹೆಚ್ಚಾದ ಮೇಲೆ ಆ ಕಡೆಯ ಮಾತೂ ಕಿವಿಗೆ ಒಗ್ಗಿತು. ಮುಖಗಳು ಅವನಿಗೆ ನೆನಪಿರುತ್ತಿರಲಿಲ್ಲ. ಮೆಷಿನ್ ಮಾತ್ರ ಹತ್ತು ವರ್ಷ ಬಿಟ್ಟು ಬಂದರೂ ಗುರುತು ಹಿಡಿಯುತ್ತಿದ್ದ.

ಕಳೆದ ವರ್ಷ ಕಟ್ಟಡದ ಮಾಲೀಕ ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತೇನೆ, ತಿಂಗಳ ಕೊನೆಗೆ ಖಾಲಿ ಮಾಡಿಕೊಡಿ ಎಂದ. ಕಮ್ಮನಹಳ್ಳಿಯಲ್ಲಿ ಬೇರೆ ಅಂಗಡಿ ಸಿಕ್ಕಿತು, ಆದರೆ ಇದರ ಅರ್ಧದಷ್ಟಿತ್ತು. ಅಟ್ಟದ ಮೇಲೆ ರಿಪೇರಿಯಾಗಿಯೂ ಯಾರೂ ಒಯ್ಯದ ಹನ್ನೊಂದು ಮೆಷಿನ್ನುಗಳು ಕೂತಿದ್ದವು. ಹಿಂದೆ ಫೋನು ಮಾಡಿ ಮಾಡಿ ಬಿಟ್ಟಿದ್ದ. ಕೆಲವರು ಎತ್ತಿರಲಿಲ್ಲ, ಕೆಲವರದು ಸ್ವಿಚ್ ಆಫ್.

"ಮೆಸೇಜ್ ಹಾಕಿ ಅಬ್ಬಾ," ಅಂದಳು ಮಗಳು ನೌರೀನ್. ಅವಳು ಫ್ರೇಜರ್ ಟೌನಿನ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸಕ್ಕೆ ಹೋಗುತ್ತಿದ್ದಳು. "ಗೊತ್ತಿಲ್ಲದ ನಂಬರ್ ಅಂತ ಕಾಲ್ ಎತ್ತಲ್ಲ ಜನ. ಮೆಸೇಜ್ ಆದ್ರೆ ಓದ್ತಾರೆ."

"ಅದಕ್ಕೆ ಹೆಸರು ಸೇವ್ ಮಾಡ್ಬೇಕಲ್ಲ? ನಂಗೆ ಅದು ಬೇಡ."

"ಸೇವ್ ಕರ್ನಾ ನಕ್ಕೋ ಅಬ್ಬಾ, ಮಾಡೋದೇ ಬೇಡ. ನೋಡಿ." ಅವಳು ಅವನ ಫೋನು ತೆಗೆದುಕೊಂಡು, ವಾಟ್ಸ್ಯಾಪಿನಲ್ಲಿ ಅವನ ನಂಬರಿಗೇ ಅವನಿಂದ ಒಂದು ಮೆಸೇಜು ಕಳಿಸಿದಳು. ಅದರಲ್ಲಿ ಗಿರಾಕಿಯ ನಂಬರು ಮಾತ್ರ ಇತ್ತು. ಆ ನಂಬರನ್ನು ಬೆರಳಿನಲ್ಲಿ ಒತ್ತಿದಳು. ಮಾತಾಡುವ ಕಿಟಕಿ ತೆರೆದುಕೊಂಡಿತು. "ಕ್ಲಿನಿಕ್‌ನಲ್ಲಿ ದಿನಾ ಹೀಗೇ ಮಾಡೋದು. ಪೇಶೆಂಟ್ ನಂಬರೆಲ್ಲಾ ಯಾರು ಇಟ್ಕೋತಾರೆ?"

ಅನೀಸನಿಗೆ ಇದು ಒಪ್ಪಿಗೆಯಾಯಿತು. ಒಂದು ಭಾನುವಾರ ಮಧ್ಯಾಹ್ನ ಅಪ್ಪ ಮಗಳು ಅಂಗಡಿಯಲ್ಲಿ ಕೂತು ಹನ್ನೊಂದು ಚೀಟಿಗಳನ್ನೂ ಬಿಚ್ಚಿ, ಪ್ರತಿ ಚೀಟಿಯ ಎರಡೂ ನಂಬರಿಗೆ ಒಂದೇ ಸಂದೇಶ ಕಳಿಸಿದರು. ನಿಮ್ಮ ಹೊಲಿಗೆ ಮೆಷಿನ್ ರೆಡಿ ಇದೆ, ಅಂಗಡಿ ಖಾಲಿ ಮಾಡುತ್ತಿದ್ದೇವೆ, ಈ ತಿಂಗಳೊಳಗೆ ಬಂದು ಒಯ್ಯಿರಿ. ಕೆಳಗೆ ಅಂಗಡಿಯ ವಿಳಾಸ.

ಐದು ಜನ ಆ ವಾರವೇ ಬಂದು ಒಯ್ದರು. ಒಬ್ಬಾಕೆ ತಾನು ಈಗ ಮಗನ ಜೊತೆ ಹೊಸೂರಿನಲ್ಲಿದ್ದೇನೆ, ಯಾರಿಗಾದರೂ ಕೊಟ್ಟುಬಿಡಿ ಎಂದಳು. ಕೆಲವು ನಂಬರುಗಳಿಂದ ಸುದ್ದಿಯೇ ಇಲ್ಲ. ಜಟ್ಟೆಮ್ಮ ಎಂದು ಬರೆದಿದ್ದ ಚೀಟಿಯ ಮೊದಲ ನಂಬರಿನಿಂದ ಮಾತ್ರ ಉತ್ತರ ಬಂತು. ಅಲ್ಲಿದ್ದ ಫೋಟೋದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡ ಹುಡುಗನೊಬ್ಬ ಬೈಕಿಗೆ ಒರಗಿ ನಿಂತಿದ್ದ.

"ನಂದ್ಯಾವ ಮಷಿನೂ ಇಲ್ರಿ. ನಂಬರ್ ತಪ್ಪೈತಿ."

ಅನೀಸ್ ಸರಿ ಎಂದು ಬಿಟ್ಟ. ಅರ್ಧ ಗಂಟೆ ಬಿಟ್ಟು ಅದೇ ನಂಬರಿನಿಂದ ಇನ್ನೊಂದು ಬಂತು.

"ಮಷಿನ್ ಜಟ್ಟೆಮ್ಮಂದೇನ್ರಿ, ಬೃಂದಾನ ಅವ್ವಂದು?"

ಅನೀಸನಿಗೆ ಬೃಂದಾ ಯಾರೆಂದು ಗೊತ್ತಿರಲಿಲ್ಲ. ಅವನು ಫೋನೇ ಮಾಡಿದ.

ಹುಡುಗನ ಹೆಸರು ದುರ್ಗೇಶ. ದೇವದುರ್ಗದ ಕಡೆಯವನು, ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. "ಎರಡು ವರ್ಷ ಆತ್ರಿ ಈ ಸಿಮ್ ತಗೊಂಡು," ಅಂದ. "ತಗೊಂಡ ಸ್ವಲ್ಪ ದಿನಕ್ಕ ಸಾಲಿ ಮೆಸೇಜ್ ಬರಾಕ ಚಾಲೂ ಆದ್ವು. ಜಟ್ಟೆಮ್ಮ ಅವರೇ, ನಿಮ್ಮ ಮಗಳು ಬೃಂದಾ ಇಂದು ಶಾಲೆಗೆ ಬಂದಿಲ್ಲ ಅಂತ. ನಂಗಿನ್ನೂ ಮದುವಿನ ಆಗಿಲ್ರಿ."

"ಶಾಲೆಯವ್ರಿಗೆ ಹೇಳ್ಬೇಕಿತ್ತಲ್ಲಪ್ಪಾ?"

"ಎರಡ್ ಸಲ ಹೇಳೀನ್ರಿ. ಪೇರೆಂಟ್ಸ್ ಖುದ್ದ ಬಂದು ಬರ್ಕೊಡ್ಬೇಕು ಅಂದ್ರು. ಮೇಡಮ್ಮಾರ, ನಾ ಪೇರೆಂಟ್ ಅಲ್ಲ ಅಂತ ಹೇಳಾಕ ಹತ್ತೀನಲ್ರಿ ಅಂದೆ. ಫೋನ್ ಇಟ್ಬಿಟ್ರು."

ಆಮೇಲೆ ಅವನು ಬೇಸರಪಡುವುದನ್ನೂ ಬಿಟ್ಟಿದ್ದ. ಹುಡುಗಿಗೆ ಯಾವಾಗ ಪರೀಕ್ಷೆ, ಯಾವ ದಿನ ಯೂನಿಫಾರಂ ಬೇಡ, ಯಾವ ವಿಷಯದಲ್ಲಿ ಎಷ್ಟು ಅಂಕ, ಎಲ್ಲವೂ ಅವನಿಗೆ ಬರುತ್ತಿತ್ತು. ಒಂದು ಸಲ ಒಂಬತ್ತು ದಿನ ಬಿಡದೆ ಆಬ್ಸೆಂಟ್ ಎಂದು ಬಂದಾಗ ಹುಷಾರಿಲ್ಲವೇನೋ ಎಂದು ಯೋಚನೆಯಾಗಿತ್ತಂತೆ. ಹತ್ತನೆಯ ದಿನ ಮೆಸೇಜು ಬರಲಿಲ್ಲ. "ಹಂಗಾರ ಸಾಲಿಗಿ ಹೋದ್ಲು ಅಂತ ಗೊತ್ತಾತ್ರಿ," ಅಂದ.

ಈ ಮಾತೆಲ್ಲ ಕೇಳಿ ಅನೀಸನಿಗೆ ಸೋಜಿಗವೇನೂ ಆಗಲಿಲ್ಲ. ನಂಬರು ಬದಲಾದದ್ದನ್ನು ಶಾಲೆಗೆ ತಿಳಿಸಲು ಆಕೆ ಮರೆತಿರಬೇಕು ಅಂದುಕೊಂಡ. ಅವನಿಗೆ ಬೇಕಿದ್ದದ್ದು ಮೆಷಿನ್ ಅದರ ಒಡತಿಗೆ ತಲುಪುವುದು. ಮುಂದಿನ ಪೇರೆಂಟ್ಸ್ ಮೀಟಿಂಗಿನ ಮೆಸೇಜು ಬಂದರೆ ತನಗೆ ಕಳಿಸು ಎಂದು ಹೇಳಿ ಫೋನು ಇಟ್ಟ. ಗುರುವಾರ ದುರ್ಗೇಶ ಕಳಿಸಿದ. ಏಳನೆಯ ತರಗತಿ, ಶನಿವಾರ ಬೆಳಗ್ಗೆ ಹತ್ತಕ್ಕೆ, ಕೆಳಗೆ ಶಾಲೆಯ ಹೆಸರು, ವಿಳಾಸ. ತನಗೆ ಅವತ್ತು ಶಿಫ್ಟ್ ಇದೆ, ಇಲ್ಲದಿದ್ದರೆ ತಾನೂ ಬರುತ್ತಿದ್ದೆ ಎಂದೂ ಬರೆದಿದ್ದ.

ಆ ಮೆಷಿನ್ನನ್ನು ಅನೀಸ್ ಆ ರಾತ್ರಿ ಅಟ್ಟದಿಂದ ಇಳಿಸಿ ಮತ್ತೊಮ್ಮೆ ಎಣ್ಣೆ ಬಿಟ್ಟ. ಕಪ್ಪು ಮೈಯ ಹಳೆಯ ಕಾಲದ ಮೆಷಿನ್. ಮೂರು ವರ್ಷದ ಹಿಂದೆ ಬಂದಾಗ ಅದರ ಗಾಲಿ ಒಡೆದು ಎರಡಾಗಿತ್ತು, ಮೈಮೇಲೆ ಒಂದು ಕಡೆ ಬಿರುಕು. ಬಿತ್ತು ಎಂದು ಆಕೆ ಹೇಳಿದ್ದಳು. ಮೇಜಿನಿಂದ ಬಿದ್ದ ಮೆಷಿನ್ನಿಗೆ ಮೂಲೆಯಲ್ಲಿ ಪೆಟ್ಟಾಗುತ್ತದೆ, ಸೂಜಿಯ ಸರಳು ಬಾಗುತ್ತದೆ. ಇದರಲ್ಲಿ ಅವೆರಡೂ ಸರಿಯಾಗಿಯೇ ಇದ್ದವು. ಒಂದೇ ಜಾಗದ ಮೇಲೆ ಭಾರದ್ದೇನನ್ನೋ ಎತ್ತಿ ಎತ್ತಿ ಹಾಕಿದ ಗುರುತಿತ್ತು. ಅವನು ಏನೂ ಕೇಳದೆ ಬೇರೆ ಗಾಲಿ ಹುಡುಕಿ ಹಾಕಿದ್ದ.

ಶನಿವಾರ ನೌರೀನಳನ್ನು ಕರೆದುಕೊಂಡು ಹಲಸೂರಿನಲ್ಲಿ ಮೆಟ್ರೊ ಹತ್ತಿ ಕೆ.ಆರ್. ಪುರದಲ್ಲಿ ಇಳಿದ. ಗಂಡಸು ಒಬ್ಬನೇ ಹೆಣ್ಣುಮಕ್ಕಳಿರುವ ಶಾಲೆಯ ಗೇಟಿನಲ್ಲಿ ನಿಲ್ಲುವುದು ಚೆನ್ನಾಗಿರುವುದಿಲ್ಲ ಎಂದು ಮಗಳು ರಜೆ ಹಾಕಿ ಬಂದಿದ್ದಳು. ದೇವಸಂದ್ರದ ಕಡೆಯ ಸಣ್ಣ ಶಾಲೆ ಅದು, ಕೆಳಗಿನ ಮಹಡಿಯಲ್ಲಿ ಸ್ಟೇಷನರಿ ಅಂಗಡಿ. ಇಬ್ಬರೂ ಎದುರಿನ ಬೇಕರಿಯಲ್ಲಿ ಚಹಾ ಹೇಳಿ ನಿಂತರು. ಆಕೆಯ ಮುಖ ತನಗೆ ಗುರುತು ಸಿಗುತ್ತದೆಯೋ ಇಲ್ಲವೋ ಎಂದು ಅನೀಸನಿಗೆ ಅನುಮಾನವಿತ್ತು.

ಗುರುತು ಸಿಕ್ಕಿದ್ದು ಆಕೆಗೆ. ಹನ್ನೊಂದರ ಹೊತ್ತಿಗೆ ಗೇಟಿನಿಂದ ಹೊರಬಂದ ಎತ್ತರದ ಹೆಂಗಸೊಬ್ಬಳು ಬೇಕರಿಯ ಕಡೆ ನೋಡಿದವಳೇ ತಟ್ಟನೆ ನಿಂತಳು. ಆಮೇಲೆ ಮಗಳ ರಟ್ಟೆ ಹಿಡಿದು, ಬಂದ ದಾರಿ ಬಿಟ್ಟು ಎದುರು ದಿಕ್ಕಿಗೆ ಸರಸರ ನಡೆದಳು.

"ಅಬ್ಬಾ, ಅವ್ರೇ ಇರ್ಬೇಕು," ಎಂದು ನೌರೀನ್ ಹಿಂದೆಯೇ ಓಡಿದಳು. "ಅಕ್ಕಾ, ಒಂದ್ನಿಮಿಷ. ಅಕ್ಕಾ, ಮೆಷಿನ್ ಅಂಗಡಿಯವ್ರು ನಾವು."

ತಿರುವಿನಲ್ಲಿ ಆಕೆ ನಿಂತಳು. ಅನೀಸ್ ಏದುಸಿರು ಬಿಡುತ್ತ ಬಂದು ಸೇರುವಷ್ಟರಲ್ಲಿ ಆಕೆ ಕೇಳಿದ ಮೊದಲ ಮಾತು, "ಅವ್ರು ಕಳಿಸಿದ್ರೇನ್ರಿ ನಿಮ್ಮನ್ನ?"

"ಯಾರಮ್ಮಾ?"

ಜಟ್ಟೆಮ್ಮ ಅವನ ಹಿಂದಿನ ರಸ್ತೆಯತ್ತ ನೋಡುತ್ತ, "ನಾ ಇಲ್ಲಿರೋದು ಯಾರು ಹೇಳಿದ್ರು?" ಅಂದಳು.

ಅನೀಸ್ ನಡೆದದ್ದನ್ನು ಹೇಳಿದ. ಚೀಟಿ, ಮೆಸೇಜು, ದುರ್ಗೇಶ, ಶಾಲೆಯಿಂದ ಅವನಿಗೆ ಬರುವ ಸುದ್ದಿ. ಕೇಳುತ್ತ ಕೇಳುತ್ತ ಆಕೆ ಪಕ್ಕದ ಕಾಂಪೌಂಡ್ ಗೋಡೆಗೆ ಕೈ ಊರಿದಳು.

"ಸಾಲಿಗಿ ಸೇರಿಸುವಾಗ ನಂಬರ್ ಬರೀಲೇಬೇಕು ಅಂದ್ರು," ಅಂದಳು. "ಹೊಸಾದು ಕೊಡಾಕ ಧೈರ್ಯ ಬರ್ಲಿಲ್ರಿ. ಅವ್ರು ಸಾಲಿ ಸಾಲಿ ತಿರುಗಿ ಕೇಳಿದ್ರ ಅಂತ. ಹಳೇದು ಬಂದ್ ಮಾಡಿದ್ದೆ, ಸತ್ತು ಹೋದ ನಂಬರ್ ಅಲ್ಲಾ ಅಂತ ಅದನ್ನ ಬರ್ದೆ. ಅದನ್ನ ಮತ್ತ ಒಬ್ಬರಿಗೆ ಕೊಡ್ತಾರ ಅಂತ ನಂಗೇನು ಗೊತ್ರಿ?"

ಪಕ್ಕದಲ್ಲಿದ್ದ ಬೃಂದಾ, "ಅಂದ್ರೆ ನಾನು ಆಬ್ಸೆಂಟ್ ಆಗಿದ್ದೆಲ್ಲಾ ಯಾವ್ದೋ ಅಣ್ಣಂಗೆ ಗೊತ್ತಾ?" ಎಂದಳು. ಅವಳ ಮಾತು ಪೂರ್ತಿ ಬೆಂಗಳೂರಿನದಾಗಿತ್ತು.

"ಆ ಹುಡುಗ ಅವ್ರ ಕಡೆಯವ ಅಲ್ಲಾ?" ಜಟ್ಟೆಮ್ಮ ಕೇಳಿದಳು. "ನಮ್ಮ ಊರ ಕಡೆಯವನ ಅಂತೀರಿ."

"ಅಲ್ಲಮ್ಮಾ. ಹಾಗಿದ್ರೆ ಎರಡು ವರ್ಷ ಸುಮ್ನಿರ್ತಿದ್ನಾ?"

ಆ ಮಾತು ಆಕೆಗೆ ಸರಿ ಅನ್ನಿಸಿದಂತೆ ಕಂಡಿತು. "ಮೆಷಿನ್ ಬಿತ್ತು ಅಂದಿದ್ದೆ ನಿಮಗ," ಅಂದಳು. "ಬಿದ್ದಿರ್ಲಿಲ್ಲ."

"ಗೊತ್ತು," ಅಂದ ಅನೀಸ್.

ಆಮೇಲೆ ಆಕೆ ಮತ್ತೇನೋ ಹೊಳೆದವಳಂತೆ, "ಮೆಸೇಜ್ ನನ್ನ ನಂಬರಿಗೆ ಒಂದಕ್ಕ ಹಾಕಿದ್ರಿ ಹೌದಲ್ರಿ?" ಎಂದಳು. ಅನೀಸ್ ಜೇಬಿನಿಂದ ಚೀಟಿ ತೆಗೆದು ಎರಡನೆಯ ನಂಬರು ತೋರಿಸಿದ. ಆಕೆ ಅದನ್ನು ಮುಟ್ಟದೆ ನೋಡಿದಳು.

"ಅವ್ರದ ಅದು. ನೀವ ಕೇಳಿದ್ರಿ, ಇನ್ನೊಂದು ನಂಬರ್ ಹೇಳಮ್ಮಾ ಅಂತ. ಅವತ್ತು ಬ್ಯಾರೆ ಯಾರ ನಂಬರೂ ಬರ್ತಿರ್ಲಿಲ್ಲ ನಂಗ."

ನೌರೀನ್ ಅಪ್ಪನ ಫೋನು ತೆಗೆದುಕೊಂಡು ನೋಡಿದಳು. ಆ ನಂಬರಿಗೆ ಹೋದ ಸಂದೇಶ ತಲುಪಿತ್ತು, ಓದಿದ ಗುರುತು ಬಂದಿರಲಿಲ್ಲ. ಅಳಿಸಬಹುದೇ ಎಂದು ಒತ್ತಿ ನೋಡಿದಳು. ದಿನ ಕಳೆದಿತ್ತು, ಈ ಫೋನಿನಿಂದ ಹೋಗುತ್ತಿತ್ತೇ ಹೊರತು ಆ ಮನುಷ್ಯನ ಫೋನಿನಿಂದ ಹೋಗುವಂತಿರಲಿಲ್ಲ.

"ಮೆಷಿನ್ ಇಟ್ಕೊಂಡ್ರ ನಂಗ ತ್ರಾಸ," ಅಂದಳು ಜಟ್ಟೆಮ್ಮ. ಆಮೇಲೆ, "ಆದ್ರ ಅದು ನಮ್ಮವ್ವಂದ್ರಿ," ಅಂದಳು. ಎಲ್ಲಿದ್ದೇನೆ ಎಂದು ಆಕೆ ಹೇಳಲಿಲ್ಲ. ಕೆರೆಯ ಹತ್ತಿರ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಮುನಿವೆಂಕಟಮ್ಮ ಎಂಬಾಕೆಯ ಬಳಿ ಬಿಟ್ಟು ಹೋಗಲು ಒಪ್ಪಿಸಿದಳು. ತನ್ನ ಹೊಸ ನಂಬರನ್ನೂ ಕೊಡಲಿಲ್ಲ. ಅನೀಸ್ ಕೇಳಲಿಲ್ಲ. ಹೊರಡುವ ಮೊದಲು ಆಕೆ ತಿರುಗಿ ಶಾಲೆಯೊಳಗೆ ಹೋಗಿ ನಂಬರು ಬದಲಾಯಿಸಲು ಬರೆದುಕೊಟ್ಟು ಬಂದಳು. ಯಾವ ನಂಬರು ಕೊಟ್ಟಳೆಂದು ಇವರಿಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ಬೆಳಗ್ಗೆಯೇ ಗೂಡ್ಸ್ ಆಟೋದಲ್ಲಿ ಮೆಷಿನ್ ಹೋಯಿತು. ಅನೀಸನೇ ಜೊತೆಗೆ ಹೋಗಿ ಇಸ್ತ್ರಿ ಗಾಡಿಯ ಕೆಳಗೆ ಇಳಿಸಿದ. ಮುನಿವೆಂಕಟಮ್ಮ ಅದರ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿ, ಕೆಂಡ ಕೆದಕಲು ಕೂತಳು. ಹಿಂತಿರುಗುವಾಗ ದುರ್ಗೇಶನ ಫೋನು ಬಂತು.

"ಸಿಕ್ಕರೇನ್ರಿ?"

"ಸಿಕ್ಕಿದ್ರು. ಮೆಷಿನ್ ಕೊಟ್ಟಾಯ್ತು."

"ಹುಡುಗಿ ಹೆಂಗದಾಳ್ರಿ?"

"ಚೆನ್ನಾಗಿದ್ದಾಳೆ."

"ಗಣಿತದಾಗ ಒಂದ ಕಡಿಮಿ ಅದಾಳ್ರಿ. ಅವರವ್ವಗ ಒಂದ್ ಮಾತು ಹೇಳ್ಬೇಕಿತ್ತು." ಇನ್ನು ಮೇಲೆ ಮೆಸೇಜು ಬರುವುದಿಲ್ಲ ಎಂದು ಅನೀಸ್ ಹೇಳಿದಾಗ ಅವನು, "ಚಲೋ ಆತ್ ಬಿಡ್ರಿ," ಅಂದ. ಅವರು ಎಲ್ಲಿರುತ್ತಾರೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅನೀಸ್ ಹೇಳುತ್ತಲೂ ಇರಲಿಲ್ಲ.

ಎರಡನೆಯ ನಂಬರಿನಿಂದ ಉತ್ತರ ಬಂದದ್ದು ಸೋಮವಾರ. "ಮಷಿನ್ ಐತೇನ್ರಿ? ನಾಳೆ ಬರ್ತೀನಿ." ಅನೀಸ್ ಅದನ್ನು ಮೂರು ನಾಲ್ಕು ಸಲ ಓದಿದ. ಇಲ್ಲ ಎಂದು ಬರೆದರೆ ಯಾರು ಒಯ್ದರು ಎಂಬ ಪ್ರಶ್ನೆ ಬರುತ್ತದೆ, ಬರೆಯದಿದ್ದರೆ ಮನುಷ್ಯ ಬರುತ್ತಾನೆ. ಅವನು ಬರೆಯಲಿಲ್ಲ.

ಮಂಗಳವಾರ ಮಧ್ಯಾಹ್ನ ಜಟ್ಟೆಮ್ಮನ ಗಂಡ ಹಂಪಣ್ಣ ಬಂದ. ನಲವತ್ತರ ಆಸುಪಾಸಿನವನು, ಗಾರೆ ಕೆಲಸದವನು. ಉಗುರಿನ ಸಂದಿಯಲ್ಲಿ ಸಿಮೆಂಟು, ಕೈಯಲ್ಲಿ ಊಟದ ಡಬ್ಬಿ. ಅನೀಸ್ ಕೂಗಾಟಕ್ಕೆ ಸಿದ್ಧನಾಗಿ ಕೂತಿದ್ದ. ಆದರೆ ಹಂಪಣ್ಣ ಚಪ್ಪಲಿ ಹೊರಗೆ ಬಿಟ್ಟು, ಸ್ಟೂಲಿನ ತುದಿಯಲ್ಲಿ ಕೂತು, ಫೋನು ತೆಗೆದು ಮೆಸೇಜು ತೋರಿಸಿದ.

"ನಮ್ಮ ಮನಿಯವ್ರ ಮಷಿನ್ ರೀ. ಜಟ್ಟೆಮ್ಮ ಅಂತ."

"ಅದು ಹೋಯ್ತಲ್ಲ," ಅಂದ ಅನೀಸ್. "ಗುಜರಿಗೆ ಹಾಕ್ಬಿಟ್ವಿ. ಮೆಸೇಜ್ ಎಲ್ಲರಿಗೂ ಒಟ್ಟಿಗೆ ಹೋಗಿದ್ದು, ನಿಮ್ದೂ ಸೇರ್ಕೊಂಡಿದೆ. ಮೂರು ವರ್ಷ ಯಾರೂ ಬರಲಿಲ್ಲ."

ತನ್ನ ಕೈಗೆ ಬಂದ ಮೆಷಿನ್ನನ್ನು ಗುಜರಿಗೆ ಹಾಕಿದೆ ಎಂದು ಅವನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಬಾಯಿಂದ ಅದು ಸಲೀಸಾಗಿ ಬಂದದ್ದು ಅವನಿಗೇ ವಿಚಿತ್ರವೆನಿಸಿತು. ಚೀಟಿ ಅವನ ಜುಬ್ಬಾದ ಜೇಬಿನಲ್ಲೇ ಇತ್ತು.

ಹಂಪಣ್ಣ ಅರ್ಧ ಖಾಲಿಯಾದ ಅಟ್ಟವನ್ನು ನೋಡಿದ. "ಆಕಿ ಬಂದಿದ್ಲೇನ್ರಿ? ಖರೇ ಹೇಳ್ರಿ."

"ಇಲ್ಲ."

"ಫೋನ್ ಗೀನ್?"

"ಆ ನಂಬರ್ ಈಗ ಬೇರೆ ಯಾರದೋ. ನಂಬರ್ ತಪ್ಪು ಅಂದ್ರು." ಇದಿಷ್ಟು ನಿಜವಾಗಿತ್ತು.

ಕಲಾಯಿಯವನ ಕಡೆಯಿಂದ ಎರಡು ಚಹಾ ಬಂತು. ಹಂಪಣ್ಣ ಬೇಡವೆನ್ನದೆ ಕುಡಿದ. ಅವನ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಈ ಕೈಯೇ ಆ ಗಾಲಿಯನ್ನು ಒಡೆದದ್ದು ಎಂದು ಅನೀಸ್ ತನಗೆ ತಾನೇ ನೆನಪು ಮಾಡಿಕೊಳ್ಳಬೇಕಾಯಿತು.

"ನನ್ನ ಮಗಳು ಈಗ ಆರನೇತ್ತ ಇರ್ಬೇಕು," ಅಂದ ಹಂಪಣ್ಣ, ಗ್ಲಾಸು ಕೆಳಗಿಡುತ್ತ.

ಏಳನೆಯದು ಎಂಬ ಮಾತು ಅನೀಸನ ತುಟಿಯವರೆಗೆ ಬಂತು. ಅವನು ಬಾಬಿನ್ ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡತೊಡಗಿದ. ಹಂಪಣ್ಣ ಡಬ್ಬಿ ತೆಗೆದುಕೊಂಡು ಎದ್ದ. "ಗೊತ್ತಾದ್ರ ಒಂದು ಮೆಸೇಜ್ ಹಾಕ್ರಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ತಿಂಗಳ ಕೊನೆಗೆ ಅಂಗಡಿ ಕಮ್ಮನಹಳ್ಳಿಗೆ ಹೋಯಿತು. ಹೊಸ ಜಾಗದಲ್ಲಿ ಗಿರಾಕಿ ಕಡಿಮೆ, ಆದರೆ ಬರುವವರು ಬರುತ್ತಾರೆ. ಜಟ್ಟೆಮ್ಮನ ಸುದ್ದಿ ಮತ್ತೆ ಬರಲಿಲ್ಲ. ಒಮ್ಮೆ ಕೆ.ಆರ್. ಪುರದ ಕಡೆ ಕೆಲಸವಿದ್ದಾಗ ಅನೀಸ್ ಕೆರೆಯ ದಾರಿಯಲ್ಲಿ ಹೋಗಿ ನೋಡಿದ. ಇಸ್ತ್ರಿ ಗಾಡಿ ಅಲ್ಲೇ ಇತ್ತು, ಅದರ ಕೆಳಗೆ ಮೆಷಿನ್ ಇರಲಿಲ್ಲ. ಮುನಿವೆಂಕಟಮ್ಮ ಅವನನ್ನು ಕಂಡೂ ಕಾಣದವಳಂತೆ ಇಸ್ತ್ರಿ ತಿಕ್ಕುತ್ತಿದ್ದಳು. ಅವನೂ ನಿಲ್ಲದೆ ಮುಂದೆ ನಡೆದ.

ಹಂಪಣ್ಣನ ಮೆಸೇಜು ಮಾತ್ರ ಬರುತ್ತದೆ. ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಂದು. ಏನರ ಗೊತ್ತಾತೇನ್ರಿ ಎಂದು ಒಂದೇ ಸಾಲು. ಅನೀಸ್ ಓದುತ್ತಾನೆ, ಉತ್ತರ ಕೊಡುವುದಿಲ್ಲ. ಒಂದು ದಿನ ನೌರೀನ್ ಅದನ್ನು ನೋಡಿ, "ಯಾಕಬ್ಬಾ ಇದು? ಬ್ಲಾಕ್ ಮಾಡ್ಬಿಡಿ," ಅಂದಳು.

"ಬೇಡ."

"ಪಾಪ ಅಂತಾನಾ?"

ಅನೀಸ್ ಯೋಚಿಸಿದ. ಪಾಪ ಅನ್ನಿಸಿದ್ದೂ ಉಂಟು, ಇಲ್ಲವೆಂದಲ್ಲ. "ಬ್ಲಾಕ್ ಮಾಡಿದ್ರೆ ಇವ್ರಿಗೆ ಏನೋ ಗೊತ್ತಿದೆ ಅಂತ ಅನ್ಕೋತಾನೆ," ಅಂದ. "ಬರೀಲಿ ಬಿಡು. ನಮ್ಮನ್ನ ಕೇಳ್ತಾ ಇದ್ರೆ ಅವ್ರನ್ನ ಹುಡುಕ್ಕೊಂಡು ಆ ಕಡೆ ಹೋಗಲ್ಲ."

ನೌರೀನ್ ಫೋನು ಅವನ ಮುಂದಿಟ್ಟಳು. ಹೊರಗೆ ಒಬ್ಬಾಕೆ ಆಟೋದಿಂದ ಮೆಷಿನ್ ಇಳಿಸಲಾರದೆ ಒದ್ದಾಡುತ್ತಿದ್ದಳು. ಅನೀಸ್ ಎದ್ದು ಹೋಗಿ ಒಂದು ಕಡೆ ಹಿಡಿದುಕೊಂಡ.